ಎಸ್‌ಎಂಇ ಪಟ್ಟಿಯ ಸಣ್ಣ ಟೆಕ್ ಕಂಪನಿ: ಲಾಭ ಕಾಣಿಸ್ತಿದೆ, ದುಡ್ಡು ಎಲ್ಲಿ?

ಬೆಟ್ಟಭೂಮಿ (ಶಿರಸಿ)

ಹೆಸರು ಹಾಕುವುದಿಲ್ಲ, ಈ ಚರ್ಚಾವೇದಿಕೆಯ ನಿಯಮ ಗೊತ್ತಿದೆ. ಕಂಪನಿ ಎಸ್‌ಎಂಇ ಪಟ್ಟಿಯಲ್ಲಿದೆ, ಅಂದರೆ ಷೇರುಪೇಟೆಯಲ್ಲಿ ಸಣ್ಣ-ಮಧ್ಯಮ ಕಂಪನಿಗಳಿಗೆಂದೇ ಇರುವ ವೇದಿಕೆಯಲ್ಲಿ. ಸ್ಮಾರ್ಟ್ ಮೀಟರಿನೊಳಗೆ ಕೂರುವ ಕಮ್ಯುನಿಕೇಶನ್ ಮಾಡ್ಯೂಲು, ಅದರ ಡೇಟಾ ಎತ್ತುವ ಸಾಫ್ಟ್‌ವೇರು ಎರಡನ್ನೂ ಮಾಡುತ್ತದೆ. ಅಡಿಕೆ ದುಡ್ಡು ಕೈಗೆ ಬರುವ ಹೊತ್ತಿಗೆ ಸರಿಯಾಗಿ ಶಿರಸಿ, ಸಿದ್ದಾಪುರದ ವಾಟ್ಸಾಪ್ ಗುಂಪುಗಳಲ್ಲಿ ಇದರ ಹೆಸರು ಓಡಾಡುತ್ತಿದೆ. ವಾರ್ಷಿಕ ವರದಿಯ ಅಂಕಿ ಕೆಳಗಿದೆ. ಎಲ್ಲ ಕೋಟಿ ರೂಪಾಯಿಯಲ್ಲಿ. ಮೊದಲಿನದು 2023-24, ಎರಡನೆಯದು 2024-25.

ಮಾರಾಟ: 38, 62
ಕಾರ್ಯಾಚರಣೆ ಲಾಭ (ಎಬಿಟ್ಡಾ): 9, 16
ಸವಕಳಿ: 1.2, 2.4
ಬಡ್ಡಿ: 0.8, 1.9
ಇತರ ಆದಾಯ: 0.3, 0.5
ತೆರಿಗೆ ಕಳೆದ ಲಾಭ: 5.5, 9.1
ಗಿರಾಕಿಗಳಿಂದ ಬರಬೇಕಾದ ಬಾಕಿ: 17, 36
ಸಾಲ: 9, 9
ನಗದು ಮತ್ತು ಬ್ಯಾಂಕು: 4, 11

ವರ್ಷದ ನಡುವೆ ಐಪಿಒದಿಂದ (ಸಾರ್ವಜನಿಕರಿಗೆ ಮೊದಲ ಸಲ ಷೇರು ಮಾರಿ) 30 ಕೋಟಿ ಎತ್ತಿದ್ದಾರೆ. ಷೇರು 190 ರೂಪಾಯಿ, ಒಟ್ಟು ಮಾರುಕಟ್ಟೆ ಮೌಲ್ಯ 310 ಕೋಟಿ, ಪಿ/ಇ (ಮೌಲ್ಯ ವರ್ಷದ ಲಾಭದ ಎಷ್ಟು ಪಟ್ಟು ಎಂಬುದು) 34. ಮಾರಾಟ 63% ಏರಿದೆ. 34 ಪಟ್ಟು ಕೊಡಬಹುದೋ?

ಕಾಳಿ_ಸೇತುವೆ (ಕಾರವಾರ)

ಪಿ/ಇ ಕಡೆಗೆ ಆಮೇಲೆ ಬರೋಣ. ಎರಡು ಸಾಲು ಬಿಟ್ಟಿದ್ದೀರಿ, ಅವೇ ಬೇಕು. ನಗದು ಹರಿವಿನ ಪಟ್ಟಿಯಲ್ಲಿ ‘ಕಾರ್ಯಾಚರಣೆಯಿಂದ ಬಂದ ನಿವ್ವಳ ನಗದು’ ಎಷ್ಟು? ಬ್ಯಾಲೆನ್ಸ್ ಶೀಟಿನಲ್ಲಿ ‘ಅಭಿವೃದ್ಧಿಯ ಹಂತದಲ್ಲಿರುವ ಅಮೂರ್ತ ಆಸ್ತಿ’ (ಇನ್ನೂ ಮುಗಿಯದ ಸಾಫ್ಟ್‌ವೇರ್ ತರಹದ್ದು) ಅಂತ ಏನಾದರೂ ಇದೆಯೋ? ‘ಬಿಲ್ ಆಗದ ಆದಾಯ’ವನ್ನೂ ಹುಡುಕಿ, ಅಂದರೆ ಮಾರಾಟಕ್ಕೆ ಸೇರಿಸಿ ಬಿಲ್ ಮಾತ್ರ ಇನ್ನೂ ಕಳಿಸದ್ದು. ಅದು ಬಾಕಿಯ ಸಾಲಿನಲ್ಲಿ ಇರುವುದಿಲ್ಲ, ‘ಇತರ ಚಾಲ್ತಿ ಆಸ್ತಿ’ಯ ಟಿಪ್ಪಣಿಯೊಳಗೆ ಕೂತಿರುತ್ತದೆ.

ಬೆಟ್ಟಭೂಮಿ (ಶಿರಸಿ)

ಸಿಕ್ಕಿತು. ಕಾರ್ಯಾಚರಣೆ ನಗದು: 2023-24ರಲ್ಲಿ 0.5, 2024-25ರಲ್ಲಿ ಮೈನಸ್ 12. ಅಭಿವೃದ್ಧಿಯ ಹಂತದ ಅಮೂರ್ತ ಆಸ್ತಿ 2 ಇದ್ದದ್ದು 7 ಆಗಿದೆ. ಬಿಲ್ ಆಗದ ಆದಾಯ 3 ಇದ್ದದ್ದು 9.

ಕಾಳಿ_ಸೇತುವೆ (ಕಾರವಾರ)

ಹಾಗಾದರೆ ಕತೆ ಬೇರೆ. ಒಂದೊಂದಾಗಿ ನೋಡೋಣ.

ಲಾಭ 9.1 ಕೋಟಿ ಅಂತ ಬರೆದ ವರ್ಷದಲ್ಲೇ ವ್ಯಾಪಾರ 12 ಕೋಟಿ ನುಂಗಿದೆ. 4 ಕೋಟಿ ಕೈಯಲ್ಲಿತ್ತು, ಐಪಿಒದ 30 ಬಂತು. ಅದರಲ್ಲಿ 12 ವ್ಯಾಪಾರಕ್ಕೆ ಹೋಯಿತು, 5 ಅಮೂರ್ತ ಆಸ್ತಿಗೆ, ಬಡ್ಡಿಗೆ 1.9. ಯಂತ್ರ, ಟೆಸ್ಟ್ ಬೆಂಚು ಅಂತ ಸುಮಾರು 4 ಹೋಗಿದ್ದರೆ ಉಳಿದದ್ದು 11. ಬ್ಯಾಲೆನ್ಸ್ ಶೀಟಿನ ನಗದಿಗೆ ತಾಳೆಯಾಗುತ್ತದೆ. ಅಂದರೆ ಈಗ ಕಾಣುವ 11 ಕೋಟಿ ಐಪಿಒ ದುಡ್ಡಿನ ಉಳಿಕೆ, ವ್ಯಾಪಾರದ ಗಳಿಕೆಯಲ್ಲ. ಐಪಿಒ ಇಲ್ಲದಿದ್ದರೆ ಈ ವರ್ಷವನ್ನು ದಾಟಲು ಇವರಿಗೆ ಇನ್ನೂ 19 ಕೋಟಿ ಸಾಲ ಬೇಕಿತ್ತು.

ಬೆಳೆಯುವ ಕಂಪನಿಯಲ್ಲಿ ಒಂದು ವರ್ಷ ಹೀಗಾಗುವುದು ಅಪರಾಧವಲ್ಲ. ಆದರೆ ಸಣ್ಣ ಟೆಕ್ ಕಂಪನಿಯಲ್ಲಿ ಲಾಭವನ್ನು ಹಿಗ್ಗಿಸುವ ಜಾಗಗಳು ಮೂರೇ: ಬಾಕಿ, ಬಿಲ್ ಆಗದ ಆದಾಯ, ಖರ್ಚಿನ ಬದಲು (ಅಮೂರ್ತ) ಆಸ್ತಿಯೆಂದು ಬರೆದ ಸಂಬಳ. ನಿಮ್ಮ ಕಂಪನಿಯಲ್ಲಿ ಮೂರೂ ಒಟ್ಟಿಗೇ ಏರಿವೆ.

ಬಾಕಿಯ ದಿನಗಳ ಲೆಕ್ಕ: 36 ಭಾಗಿಸು 62, ಗುಣಿಸು 365, ಅಂದರೆ 212 ದಿನ. ಹಿಂದಿನ ವರ್ಷ 163. ಇಲ್ಲೊಂದು ತಿದ್ದುಪಡಿ ಬೇಕು, ಅದನ್ನು ಹೆಚ್ಚಿನವರು ಮಾಡುವುದಿಲ್ಲ. ಬಾಕಿಯಲ್ಲಿ ಜಿಎಸ್‌ಟಿ ಸೇರಿರುತ್ತದೆ, ಮಾರಾಟದಲ್ಲಿ ಸೇರಿರುವುದಿಲ್ಲ. 18% ತೆಗೆದರೆ 36 ಅನ್ನುವುದು 30.5, ಆಗ 180 ದಿನ. ಬಿಲ್ ಆಗದ 9 ಕೋಟಿಯನ್ನೂ ಸೇರಿಸಿ, ಅದರಲ್ಲಿ ಜಿಎಸ್‌ಟಿ ಇನ್ನೂ ಬಿದ್ದಿಲ್ಲ: 233 ದಿನ. ಇದು ನಿಜಕ್ಕೆ ಹತ್ತಿರದ ಅಂಕಿ.

ಸೋಂದಾ_ರಸ್ತೆ (ಶಿರಸಿ)

ಇಷ್ಟು ಹೆದರಿಸಬೇಡಿ ಮಾರಾಯ್ರೆ. ಸರ್ಕಾರಿ ವಿದ್ಯುತ್ ಕಂಪನಿಗಳ ಸುತ್ತ ವ್ಯಾಪಾರ ಮಾಡುವವರಿಗೆ ದುಡ್ಡು ತಡವಾಗುವುದು ಹೊಸತಲ್ಲ. ಮಾರಾಟವೂ ಮಾರ್ಚಿಗೆ ಹತ್ತಿರವೇ ಗುಡ್ಡೆ ಬೀಳುತ್ತದೆ. ಅರ್ಧವಾರ್ಷಿಕ ಫಲಿತಾಂಶ ನೋಡಿದೆ: ಮೊದಲರ್ಧ 21, ಎರಡನೇ ಅರ್ಧ 41 ಕೋಟಿ. 30.5 ಕೋಟಿ ಬಾಕಿಯನ್ನು ಎರಡನೇ ಅರ್ಧದ 41ಕ್ಕೆ ಹೋಲಿಸಿದರೆ 135 ದಿನ ಅಷ್ಟೇ. ಇಡೀ ವರ್ಷದ ಮಾರಾಟಕ್ಕೆ ಮಾರ್ಚ್ 31ರ ಬಾಕಿ ಹಿಡಿದು ಭಾಗಿಸುವುದೇ ತಪ್ಪು ವಿಧಾನ. ಮೀಟರ್ ಯೋಜನೆಗೆ ಕೇಂದ್ರದ ದುಡ್ಡಿದೆ. ಆರ್‌ಡಿಎಸ್‌ಎಸ್ (ವಿದ್ಯುತ್ ವಿತರಣೆ ಸುಧಾರಣೆಯ ಕೇಂದ್ರ ಯೋಜನೆ) 2021ರಲ್ಲಿ ಬಂದದ್ದು, 25 ಕೋಟಿ ಪ್ರೀಪೇಯ್ಡ್ ಮೀಟರಿನ ಗುರಿ.

ಕಾಳಿ_ಸೇತುವೆ (ಕಾರವಾರ)

ಎರಡನೇ ಅರ್ಧದ ವಾದ ಸರಿ, ಒಪ್ಪಿದೆ. ಅದಕ್ಕೇ ದಿನಗಳ ಲೆಕ್ಕದಲ್ಲಿ ನಿಲ್ಲಬಾರದು, ವಯಸ್ಸಿನ ಪಟ್ಟಿ ನೋಡಬೇಕು. 2021ರ ಏಪ್ರಿಲ್ 1ರಿಂದ ಕಂಪನಿ ಕಾಯ್ದೆಯ ಮೂರನೇ ಷೆಡ್ಯೂಲಿನ ಪ್ರಕಾರ ಬಾಕಿಯನ್ನು ವಯಸ್ಸಿನ ಮೇಲೆ ಒಡೆದು ತೋರಿಸಲೇಬೇಕು: 6 ತಿಂಗಳೊಳಗೆ, 6 ತಿಂಗಳಿಂದ 1 ವರ್ಷ, 1ರಿಂದ 2, 2ರಿಂದ 3, 3ರ ಮೇಲೆ. ಬೆಟ್ಟಭೂಮಿ, ‘ಟ್ರೇಡ್ ರಿಸೀವಬಲ್ಸ್’ ಟಿಪ್ಪಣಿಯ ಕೆಳಗೇ ಇರುತ್ತದೆ. ಹಾಕಿ.

ಬೆಟ್ಟಭೂಮಿ (ಶಿರಸಿ)

6 ತಿಂಗಳೊಳಗೆ 21. 6 ತಿಂಗಳಿಂದ 1 ವರ್ಷ 7. 1 ವರ್ಷದ ಮೇಲೆ ಎಲ್ಲ ಸೇರಿ 8. ಮುಳುಗುವ ಬಾಕಿಗೆ ಎತ್ತಿಟ್ಟದ್ದು ಸೊನ್ನೆ.

ಕಾಳಿ_ಸೇತುವೆ (ಕಾರವಾರ)

ಆ 8ನ್ನು ಹಿಂದಿನ ವರ್ಷದ 17ರ ಪಕ್ಕ ಇಡಿ. ಮಾರ್ಚ್ 2025ಕ್ಕೆ ಒಂದು ವರ್ಷ ದಾಟಿದ ಬಾಕಿ ಮಾರ್ಚ್ 2024ರ 17ರೊಳಗೆ ಇದ್ದೇ ಇರಬೇಕು. ಅಂದರೆ ಆಗ ಬರಬೇಕಾಗಿದ್ದ 17 ಕೋಟಿಯಲ್ಲಿ 8 ಕೋಟಿ, ಹತ್ತಿರಹತ್ತಿರ ಅರ್ಧ, ಇಡೀ ಹನ್ನೆರಡು ತಿಂಗಳು ಕಳೆದರೂ ಬಂದಿಲ್ಲ. ಮಾರ್ಚಿನ ಗುಡ್ಡೆಗೂ ಇದಕ್ಕೂ ಸಂಬಂಧವಿಲ್ಲ.

ಇನ್ನೊಂದು ಸೂಕ್ಷ್ಮ. ಈ ಪಟ್ಟಿಯಲ್ಲಿ ವಯಸ್ಸು ಎಣಿಸುವುದು ಬಿಲ್ಲಿನ ತಾರೀಖಿನಿಂದಲ್ಲ, ದುಡ್ಡು ಕೊಡಬೇಕಾದ ಗಡುವಿನಿಂದ. 90 ದಿನದ ಸಾಲ ಕೊಟ್ಟಿದ್ದರೆ ‘1 ವರ್ಷ’ ಅಂದರೆ ಬಿಲ್ ಆಗಿ ಹದಿನೈದು ತಿಂಗಳು.

ಸೋಂದಾ_ರಸ್ತೆ (ಶಿರಸಿ)

ಅದು ರಿಟೆನ್ಶನ್ ಹಣ ಇರಬಹುದಲ್ಲ? ಟೆಂಡರ್‌ಗಳಲ್ಲಿ ವಾರಂಟಿ ಅವಧಿ ಮುಗಿಯುವವರೆಗೆ ಒಂದಷ್ಟು ಪಾಲು ಹಿಡಿದಿಡುತ್ತಾರೆ.

ಕಾಳಿ_ಸೇತುವೆ (ಕಾರವಾರ)

ಇರಲಾರದು. ರಿಟೆನ್ಶನ್ ಹಣಕ್ಕೆ ಗಡುವು ಇನ್ನೂ ಬಂದಿರುವುದಿಲ್ಲ, ಹಾಗಾಗಿ ಅದು ಪಟ್ಟಿಯಲ್ಲಿ ‘ಗಡುವು ಬಾರದ’ ಕಡೆಗೆ ಹೋಗಬೇಕು ಅಥವಾ ಬೇರೆ ಸಾಲಿನಲ್ಲಿ ಇರಬೇಕು. ಗಡುವು ದಾಟಿ ಒಂದು ವರ್ಷ ಅಂತ ಕಂಪನಿಯೇ ಬರೆದ ಮೇಲೆ ಅದು ರಿಟೆನ್ಶನ್ ಅಲ್ಲ. ತಪ್ಪಾಗಿ ಹಾಕಿದ್ದಾರೆ ಅನ್ನುವುದಾದರೆ ಲೆಕ್ಕವಿಭಾಗದ ಮೇಲೆ ಇನ್ನೊಂದು ಪ್ರಶ್ನೆ ಏಳುತ್ತದೆ.

ಎತ್ತಿಟ್ಟದ್ದು ಸೊನ್ನೆ ಅನ್ನುವುದಕ್ಕೆ ಕಾರಣವೂ ಇದೆ. ಎಸ್‌ಎಂಇ ಪಟ್ಟಿಯ ಕಂಪನಿಗಳಿಗೆ ‘ಇಂಡ್ ಎಎಸ್’ (ಹೊಸ ಲೆಕ್ಕಮಾನಕಗಳು) ಕಡ್ಡಾಯವಲ್ಲ, ಹಳೇ ಲೆಕ್ಕಮಾನಕಗಳೇ ಸಾಕು. ಇಂಡ್ ಎಎಸ್ 109ರಲ್ಲಿ ಬಾಕಿ ಹಳತಾದ ಹಾಗೆ ನಿರೀಕ್ಷಿತ ನಷ್ಟವನ್ನು ಮೊದಲೇ ಬರೆಯಬೇಕು. ಹಳೇ ಪದ್ಧತಿಯಲ್ಲಿ ‘ಬರುತ್ತದೆ ಅಂತ ಆಡಳಿತ ಮಂಡಳಿಗೆ ನಂಬಿಕೆಯಿದೆ’ ಎಂದು ಬರೆದು ದಾಟಬಹುದು. ಮುಂದೆ ಮುಖ್ಯ ಪಟ್ಟಿಗೆ ಹಾರುವಾಗ ಇಂಡ್ ಎಎಸ್ ಬರುತ್ತದೆ, ಆಗ ಈ 8 ಕೋಟಿ ಎಲ್ಲರ ಕಣ್ಣಿಗೆ ಬೀಳುತ್ತದೆ. ‘ಮುಖ್ಯ ಪಟ್ಟಿಗೆ ಹೋಗ್ತದೆ, ದುಪ್ಪಟ್ಟಾಗ್ತದೆ’ ಅನ್ನುವ ವಾಟ್ಸಾಪ್ ಮಾತಿಗೆ ಇದೊಂದು ಅಡಿಟಿಪ್ಪಣಿ.

ಶರಾವತಿ_ಕೊಡಿ (ಹೊನ್ನಾವರ)

ಗಿರಾಕಿ ಸರ್ಕಾರಿ ಅಂತ ಯಾರು ಹೇಳಿದರು? ಆರ್‌ಎಚ್‌ಪಿ (ಐಪಿಒದ ವಿವರಣಾ ದಾಖಲೆ) ನೋಡಿದ್ರಾ? ಮೊದಲ ಹತ್ತು ಗಿರಾಕಿಗಳ ಪಾಲು ಅದರಲ್ಲಿ ಇರುತ್ತದೆ.

ಬೆಟ್ಟಭೂಮಿ (ಶಿರಸಿ)

ಮೊದಲ ಗಿರಾಕಿಯದ್ದೇ 61%. ಹೆಸರಿಲ್ಲ, ‘ಗಿರಾಕಿ 1’ ಅಂತಷ್ಟೇ. ಬೇರೆ ಪುಟದಲ್ಲಿ ‘ಸಿಸ್ಟಮ್ ಇಂಟಿಗ್ರೇಟರ್ ಹಾಗೂ ಮೀಟರ್ ತಯಾರಕರಿಗೆ ಪೂರೈಕೆ’ ಅಂತಿದೆ.

ಮೀಟರ್_ಬೋರ್ಡು (ಯಲ್ಲಾಪುರ)

ಹಾಗಾದರೆ ಗಿರಾಕಿ ಖಾಸಗಿಯವನೇ. ಈ ವ್ಯಾಪಾರದ ಸರಪಳಿ ಹೀಗೆ: ಹೆಸ್ಕಾಂ ತರಹದ ಕಂಪನಿ ಟೆಂಡರ್ ಕರೆಯುತ್ತದೆ, ಗೆದ್ದವನು ಮೀಟರ್ ತರಿಸಿ ಹಾಕಿ ವರ್ಷಗಟ್ಟಲೆ ನಡೆಸುತ್ತಾನೆ, ತಿಂಗಳಿಗೆ ಮೀಟರಿಗಿಷ್ಟು ಅಂತ ದುಡ್ಡು ಪಡೆಯುತ್ತಾನೆ. ಅವನ ಕೆಳಗೆ ಮೀಟರ್ ತಯಾರಕ, ಅವನ ಕೆಳಗೆ ಮಾಡ್ಯೂಲ್ ಮಾಡುವ ನಿಮ್ಮ ಕಂಪನಿ. ಮೇಲೆ ಎಲ್ಲೇ ದುಡ್ಡು ನಿಂತರೂ ಕೊನೆಗೆ ಒಣಗುವುದು ಇವರು. ಮೀಟರ್ ಹಾಕಿದರೆ ಸಾಲದು, ಡೇಟಾ ಸರ್ವರಿಗೆ ನಿಗದಿತ ಪ್ರಮಾಣದಲ್ಲಿ ಬರದಿದ್ದರೆ ಮೇಲಿನವನಿಗೆ ದಂಡ ಬೀಳುತ್ತದೆ. ಆ ದಂಡವನ್ನು ಅವನು ಕೆಳಗೆ ದಾಟಿಸುತ್ತಾನೆ. ಒಂದು ವರ್ಷ ದಾಟಿದ ಬಾಕಿ ಅಂದ ಕೂಡಲೇ ಕೇಳಬೇಕಾದ ಪ್ರಶ್ನೆ: ಮಾಡ್ಯೂಲು ಕೆಲಸ ಮಾಡುತ್ತಿದೆಯೋ?

ತಂತ್ರಜ್ಞಾನದ ಕಡೆ ಪರಿಶೀಲಿಸಲು ಆಗುವಂಥದ್ದು:

ಮಾಡ್ಯೂಲು ಆರ್‌ಎಫ್ ಮೆಶ್ಶೋ ಸೆಲ್ಯುಲಾರೋ ಎಂದು ಉತ್ಪನ್ನದ ಪುಟದಲ್ಲಿ ನೋಡಿ. ಮೆಶ್ ಆದರೆ 865ರಿಂದ 868 ಮೆಗಾಹರ್ಟ್ಸ್‌ನಲ್ಲಿ ಓಡುತ್ತದೆ, ಸ್ಪೆಕ್ಟ್ರಮ್ ಪರವಾನಗಿ ಬೇಡ, ಸಿಮ್ ಖರ್ಚಿಲ್ಲ. ಆದರೆ ಮೀಟರಿನಿಂದ ಮೀಟರಿಗೆ ಜಿಗಿದು ಹೋಗಬೇಕು, ಅದಕ್ಕೆ ಮನೆಗಳು ಒತ್ತಾಗಿರಬೇಕು. ಹುಬ್ಬಳ್ಳಿಯ ಬಡಾವಣೆಯಲ್ಲಿ ಸಲೀಸು. ನಮ್ಮ ಘಟ್ಟದ ಮೇಲೆ ತೋಟಕ್ಕೊಂದು ಮನೆ, ನಡುವೆ ಬೆಟ್ಟ, ಮಳೆಗಾಲದಲ್ಲಿ ಒದ್ದೆ ಎಲೆಗಳ ತಡೆ. ಇಲ್ಲಿ ಮೆಶ್ ಕೂಡಿಕೊಳ್ಳುವುದೇ ಕಷ್ಟ, 4ಜಿ ಸಿಮ್ ಮಾಡ್ಯೂಲೇ ಬೇಕು, ಅದಕ್ಕೂ ಟವರ್ ಸಿಗಬೇಕು. ‘ಯಾವ ಭೂಪ್ರದೇಶಕ್ಕೂ ಸೈ’ ಅಂತ ಪ್ರೆಸೆಂಟೇಶನ್‌ನಲ್ಲಿ ಬರೆದಿದ್ದರೆ ಎಷ್ಟು ಮಾಡ್ಯೂಲು ನಿಜವಾಗಿ ಡೇಟಾ ಕಳಿಸುತ್ತಿವೆ ಎನ್ನುವ ಅಂಕಿ ಅದರ ಪಕ್ಕದಲ್ಲಿ ಇದೆಯೋ ನೋಡಿ. ಮಾರಿದ ಸಂಖ್ಯೆ ಮಾತ್ರ ಇದ್ದರೆ ಅರ್ಧ ಮಾಹಿತಿ.

ಸ್ಮಾರ್ಟ್ ಮೀಟರಿನ ಭಾರತೀಯ ಮಾನಕ ಐಎಸ್ 16444, ಡೇಟಾ ವಿನಿಮಯಕ್ಕೆ ಐಎಸ್ 15959. ಪರವಾನಗಿ ಸಂಖ್ಯೆ ಮೀಟರ್ ತಯಾರಕನ ಹೆಸರಿನಲ್ಲಿರುತ್ತದೆ, ಮಾಡ್ಯೂಲಿನವನ ಹೆಸರಿನಲ್ಲಲ್ಲ. ‘ನಮ್ಮದು ಬಿಐಎಸ್ ಪ್ರಮಾಣಿತ’ ಅಂತ ಇವರು ಹೇಳಿಕೊಂಡರೆ ಯಾವ ಸಂಖ್ಯೆ ಅಂತ ಕೇಳಿ, ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಯಾರದ್ದೆಂದು ತಿಳಿಯುತ್ತದೆ.

ಪೇಟೆಂಟ್ ಅಂತ ಇದ್ದರೆ ಭಾರತೀಯ ಪೇಟೆಂಟ್ ಕಚೇರಿಯ ಹುಡುಕಾಟದಲ್ಲಿ ಅರ್ಜಿ ಸಂಖ್ಯೆ ಹಾಕಿ. ‘ಪ್ರಕಟಿತ’ ಅಂದರೆ ಅರ್ಜಿ ಎಲ್ಲರಿಗೂ ಕಾಣುವಂತಾಗಿದೆ ಅಂತಷ್ಟೇ (ಸಾಮಾನ್ಯವಾಗಿ ಹಾಕಿ 18 ತಿಂಗಳಿಗೆ), ಪರೀಕ್ಷೆಯೇ ಆಗಿರಲಿಕ್ಕಿಲ್ಲ. ‘ಮಂಜೂರು’ ಬೇರೆ.

ಕಾಳಿ_ಸೇತುವೆ (ಕಾರವಾರ)

ಗಿರಾಕಿ ಖಾಸಗಿ ಅಂದರೆ ಇನ್ನೊಂದು ಎಳೆ ಸಿಕ್ಕಿತು. 38 ಕೋಟಿ ಮಾರಾಟದ ತಯಾರಕ ಆಗಿನ ಮಿತಿಯಲ್ಲಿ ‘ಸಣ್ಣ ಉದ್ಯಮ’ವಾಗಿ ನೋಂದಾಯಿಸಬಹುದಿತ್ತು. ಸಣ್ಣ ಉದ್ಯಮಕ್ಕೆ ಒಪ್ಪಂದವಿದ್ದರೂ 45 ದಿನದೊಳಗೆ ಕೊಡಬೇಕು, ಕೊಡದಿದ್ದರೆ ಆ ವರ್ಷ ಖರೀದಿದಾರನಿಗೆ ಆ ಖರ್ಚಿನ ಮೇಲೆ ತೆರಿಗೆ ವಿನಾಯಿತಿ ಇಲ್ಲ; 1961ರ ಆದಾಯ ತೆರಿಗೆ ಕಾಯ್ದೆಯ ಕಲಂ 43ಬಿ(ಎಚ್), 2023-24ರಿಂದ ಜಾರಿ. ಹೀಗಿರುವಾಗಲೂ ಖಾಸಗಿ ಗಿರಾಕಿ ವರ್ಷ ದಾಟಿಸಿ ದುಡ್ಡು ಹಿಡಿದಿದ್ದಾನೆ ಅಂದರೆ ಒಂದೋ ಇವರು ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ ದಾಖಲೆ) ನೋಂದಣಿ ಮಾಡಿಲ್ಲ, ಇಲ್ಲವೋ ಮಾಲಿನ ಬಗ್ಗೆ ತಕರಾರಿದೆ, ಇಲ್ಲವೋ ಗಿರಾಕಿಯ ಹತ್ತಿರವೇ ದುಡ್ಡಿಲ್ಲ. ವಯಸ್ಸಿನ ಪಟ್ಟಿಯಲ್ಲಿ ‘ವಿವಾದಿತ’, ‘ವಿವಾದವಿಲ್ಲದ’ ಅಂತ ಎರಡು ಭಾಗ ಇರುತ್ತದೆ, ಆ 8 ಯಾವ ಕಡೆ ಇದೆ ನೋಡಿ.

ಈಗ ಬಡ್ಡಿ. ಸಾಲ ವರ್ಷದ ಆರಂಭಕ್ಕೂ 9, ಕೊನೆಗೂ 9. ಬಡ್ಡಿ ಮಾತ್ರ 1.9. ಅಂದರೆ 21%. ಯಾವ ಬ್ಯಾಂಕೂ ಹೀಗೆ ಕೊಡುವುದಿಲ್ಲ. ಹತ್ತೂವರೆ ಶೇಕಡಾ ಹಿಡಿದರೆ ವರ್ಷವಿಡೀ ಸರಾಸರಿ 18 ಕೋಟಿ ಸಾಲ ಓಡಾಡಿದೆ, ಮಾರ್ಚ್ 31ಕ್ಕೆ ಕಟ್ಟಿ 9 ಮಾಡಿ ಫೋಟೋ ತೆಗೆಸಿಕೊಂಡಿದ್ದಾರೆ. ಬಿಲ್ ಡಿಸ್ಕೌಂಟಿಂಗ್ (ಬಾಕಿ ಬಿಲ್ ತೋರಿಸಿ ಮುಂಚೆಯೇ ದುಡ್ಡು ಪಡೆಯುವುದು) ಖರ್ಚೂ ಬಡ್ಡಿಯಲ್ಲಿ ಸೇರಿರಬಹುದು, ಟಿಪ್ಪಣಿ ನೋಡಿ. ಎಂಸಿಎ (ಕೇಂದ್ರದ ಕಂಪನಿ ವ್ಯವಹಾರಗಳ ಸಚಿವಾಲಯ) ತಾಣದಲ್ಲಿ ಕಂಪನಿಯ ಹೆಸರಿಗೆ ‘ಚಾರ್ಜ್‌ಗಳ ಸೂಚಿ’ (ಸಾಲಕ್ಕೆ ಆಸ್ತಿ ಅಡವಿಟ್ಟ ದಾಖಲೆ) ಬರುತ್ತದೆ: ಯಾವ ಬ್ಯಾಂಕು, ಎಷ್ಟು, ಯಾವ ದಿನ. ಐಪಿಒ ನಂತರ ಬ್ಯಾಂಕೇತರ ಸಂಸ್ಥೆಯ ಹೊಸ ಚಾರ್ಜ್ ಬಿದ್ದಿದ್ದರೆ ದುಡ್ಡಿನ ಬಿಕ್ಕಟ್ಟು ಅಂತ ಓದಿಕೊಳ್ಳಿ.

ಇದೇ ಪರೀಕ್ಷೆ ನಗದಿಗೂ. ಇತರ ಆದಾಯ 0.5, ಸರಾಸರಿ ನಗದು 7.5ರ ಮೇಲೆ 6.7%. ಠೇವಣಿ ಬಡ್ಡಿಗೆ ಹೊಂದುತ್ತದೆ, ನಗದು ಇದೆ ಅಂತ ನಂಬಬಹುದು. ಸತ್ಯಂ ಸಾಫ್ಟ್‌ವೇರ್ ಕಂಪನಿಯಲ್ಲಿ 2009ರ ಜನವರಿ 7ರಂದು ಹೊರಬಿದ್ದ ಅಧ್ಯಕ್ಷರ ಪತ್ರದ ಪ್ರಕಾರ ಪುಸ್ತಕದ ನಗದಿನಲ್ಲಿ 5,040 ಕೋಟಿ ಇರಲೇ ಇಲ್ಲ, ಅದರ ಮೇಲೆ 376 ಕೋಟಿ ಬಡ್ಡಿಯನ್ನೂ ಬರೆದುಕೊಂಡಿದ್ದರು. ಹಾಗಾಗಿ ಬಡ್ಡಿ ಹೊಂದಿತು ಅಂದ ಮಾತ್ರಕ್ಕೆ ಪೂರ್ತಿ ನಿಶ್ಚಿಂತೆಯಿಲ್ಲ. ಹೊಂದದಿದ್ದರೆ ಮಾತ್ರ ಪೂರ್ತಿ ಅನುಮಾನ. ನಗದಿನ ಟಿಪ್ಪಣಿಯಲ್ಲಿ ‘ಬ್ಯಾಂಕ್ ಗ್ಯಾರಂಟಿಗೆ ಅಡವಿಟ್ಟ ಠೇವಣಿ’ ಎಷ್ಟು ಅಂತಿರುತ್ತದೆ. ಟೆಂಡರ್ ಸುತ್ತಲಿನ ಕಂಪನಿಗಳಲ್ಲಿ ಅದು ದೊಡ್ಡದೇ ಇರುತ್ತದೆ, ಅದನ್ನು ಕೈದುಡ್ಡೆಂದು ಎಣಿಸಬೇಡಿ.

ನಿರ್ವಾಹಕ

ಕಂಪನಿಯ ಹೆಸರು ಊಹಿಸಿ ಹಾಕಿದ ಎರಡು ಉತ್ತರ ತೆಗೆಯಲಾಗಿದೆ. ಗುಂಪುಗಳಲ್ಲಿ ಟಿಪ್ ಕೊಡುವವರ ಬಗ್ಗೆ ಕೇಳುವವರಿಗೆ: ಸೆಬಿ (ಷೇರುಪೇಟೆ ನಿಯಂತ್ರಕ) ನೋಂದಾಯಿತ ಸಂಶೋಧನಾ ವಿಶ್ಲೇಷಕರ ಸಂಖ್ಯೆ ‘ಐಎನ್‌ಎಚ್’ನಿಂದ, ಹೂಡಿಕೆ ಸಲಹೆಗಾರರದ್ದು ‘ಐಎನ್‌ಎ’ಯಿಂದ ಶುರುವಾಗುತ್ತದೆ. ಸೆಬಿ ತಾಣದಲ್ಲಿ ಸಂಖ್ಯೆ ಹಾಕಿ ನೋಡಿ, ಹೆಸರು ಕೇಳಿ ಬಿಡಬೇಡಿ.

ಬೆಟ್ಟಭೂಮಿ (ಶಿರಸಿ)

8 ಕೋಟಿ ಪೂರ್ತಿ ‘ವಿವಾದವಿಲ್ಲದ’ ಕಡೆ ಇದೆ. ಅಡವಿಟ್ಟ ಠೇವಣಿ 6. ಅಂದರೆ ಬಿಡಿ ನಗದು 5 ಮಾತ್ರ. ಅಮೂರ್ತ ಆಸ್ತಿಯ 5 ಕೋಟಿ ಏರಿಕೆ ಎಂತದು ಅಂತ ಹುಡುಕಿದೆ: ‘ಮುಂದಿನ ತಲೆಮಾರಿನ ಹೆಡ್-ಎಂಡ್ ಸಾಫ್ಟ್‌ವೇರ್’ (ಮೀಟರುಗಳ ಡೇಟಾ ಎತ್ತುವಂಥದ್ದು). ಸಂಬಂಧಿತ ಪಕ್ಷಗಳ ಪಟ್ಟಿಯಲ್ಲಿ ನಿರ್ದೇಶಕರೊಬ್ಬರ ಕುಟುಂಬದ ಖಾಸಗಿ ಕಂಪನಿಗೆ ‘ಸಾಫ್ಟ್‌ವೇರ್ ಅಭಿವೃದ್ಧಿ ಶುಲ್ಕ’ 3.4 ಕೋಟಿ.

ಅಘನಾಶಿನಿ_ದಡ (ಕುಮಟಾ)

ಬಂತು ನೋಡಿ.

ಕಾಳಿ_ಸೇತುವೆ (ಕಾರವಾರ)

ಅಡಿಕೆ ಚೀಲದ ಬಾಯಿ ನೋಡಿ ದರ ಬರೆಯುವವರು ಶಿರಸಿಯಲ್ಲಿ ಯಾರೂ ಇಲ್ಲ, ತಳಕ್ಕೆ ಕೈ ಹಾಕುತ್ತಾರೆ. ಈ 3.4 ಕೋಟಿ ನಿಮ್ಮ ಚೀಲದ ತಳ.

ಸಂಬಂಧಿತರಿಗೆ ಕೊಟ್ಟ ದುಡ್ಡೆಲ್ಲ ಮೋಸ ಅಂತಲ್ಲ. ಸಂಸ್ಥಾಪಕರ ಇನ್ನೊಂದು ಕಂಪನಿಯಲ್ಲಿ ಎಂಜಿನಿಯರುಗಳಿರಬಹುದು. ಪರಿಶೀಲನೆಯ ದಾರಿ ಇದು. ಎಂಸಿಎಯಲ್ಲಿ ಆ ಖಾಸಗಿ ಕಂಪನಿಯ ಮಾಸ್ಟರ್ ಡೇಟಾ ಉಚಿತ: ಶುರುವಾದ ದಿನ, ಪಾವತಿಯಾದ ಬಂಡವಾಳ, ಕೊನೆಗೆ ಸಲ್ಲಿಸಿದ ಬ್ಯಾಲೆನ್ಸ್ ಶೀಟಿನ ತಾರೀಖು. ಸಣ್ಣ ಶುಲ್ಕ ಕಟ್ಟಿದರೆ ಅದರ ಎಒಸಿ-4 (ವಾರ್ಷಿಕ ಲೆಕ್ಕಪತ್ರ ಸಲ್ಲಿಸುವ ನಮೂನೆ) ಇಳಿಸಿಕೊಳ್ಳಬಹುದು. ಅದರಲ್ಲಿ ಸಂಬಳದ ಖರ್ಚು ಎಷ್ಟಿದೆ? 3.4 ಕೋಟಿ ಆದಾಯಕ್ಕೆ ಸಂಬಳ 20 ಲಕ್ಷ ಅಂದರೆ ಸಾಫ್ಟ್‌ವೇರ್ ಬರೆದವರು ಯಾರು? ಇಪಿಎಫ್‌ಒ ತಾಣದ ಸಂಸ್ಥೆ ಹುಡುಕಾಟದಲ್ಲಿ ತಿಂಗಳವಾರು ಎಷ್ಟು ನೌಕರರಿಗೆ ಪಿಎಫ್ ಕಟ್ಟಿದ್ದಾರೆ ಅಂತ ಬರುತ್ತದೆ. 20ಕ್ಕಿಂತ ಕಡಿಮೆ ಜನರಿದ್ದರೆ ಪಿಎಫ್ ಕಡ್ಡಾಯವಲ್ಲ, ಆದ್ದರಿಂದ ಹೆಸರು ಸಿಗದಿದ್ದರೆ ನಕಲಿ ಅಂತ ತೀರ್ಮಾನಿಸಬೇಡಿ. ಸಿಕ್ಕಿದರೆ ಮಾತ್ರ ಬಲವಾದ ಸಾಕ್ಷಿ. ಜಿಎಸ್‌ಟಿ ತಾಣದಲ್ಲಿ ತೆರಿಗೆದಾರರ ಹುಡುಕಾಟಕ್ಕೆ ಲಾಗಿನ್ ಬೇಡ. 3ಬಿ ರಿಟರ್ನು ತಿಂಗಳು ತಿಂಗಳು ಸಲ್ಲಿಸಿದ್ದಾರೋ, ನೋಂದಣಿ ರದ್ದಾಗಿದೆಯೋ ಕಾಣುತ್ತದೆ. ಲಿಸ್ಟ್ ಆದ ಕಂಪನಿಗೂ ಪಿಎಫ್ ಸಂಖ್ಯೆ ನೋಡಿ: ಪ್ರೆಸೆಂಟೇಶನ್‌ನಲ್ಲಿ 180 ಎಂಜಿನಿಯರ್ ಅಂತಿದ್ದು ಪಿಎಫ್ 40 ಜನರಿಗಾದರೆ ಉಳಿದವರು ಎಲ್ಲಿ?

ಟ್ರಾಫಿಕ್‌ಸೋಲ್ ಐಟಿಎಸ್ ಟೆಕ್ನಾಲಜೀಸ್ ಪ್ರಕರಣ ಇದೇ ಜಾತಿಯದ್ದು. 2024ರ ಸೆಪ್ಟೆಂಬರ್‌ನಲ್ಲಿ ಬಿಎಸ್‌ಇ ಎಸ್‌ಎಂಇ ವೇದಿಕೆಯಲ್ಲಿ 44.87 ಕೋಟಿಯ ಐಪಿಒ, ಅದರಲ್ಲಿ 17.70 ಕೋಟಿ ಹೊರಗಿನ ಮಾರಾಟಗಾರನಿಂದ ಸಾಫ್ಟ್‌ವೇರ್ ಕೊಳ್ಳಲು. ಆ ಮಾರಾಟಗಾರ ಪೊಳ್ಳು ಸಂಸ್ಥೆ ಅಂತ ಸೆಬಿ ಕಂಡುಕೊಂಡು ಡಿಸೆಂಬರ್‌ನಲ್ಲಿ ಹೂಡಿಕೆದಾರರಿಗೆ ದುಡ್ಡು ಹಿಂದಿರುಗಿಸಲು ಆದೇಶಿಸಿತು. ಷೇರು ವಹಿವಾಟಿಗೆ ಬರುವ ಮೊದಲೇ ತಡೆ ಬಿದ್ದದ್ದರಿಂದ ಹಾಗೆ ಆದೇಶಿಸಲು ಆಯಿತು. ಮಾರುಕಟ್ಟೆಯಲ್ಲಿ ಕೊಂಡವನಿಗೆ ಆ ಅನುಕೂಲ ಇಲ್ಲ.

ಸೋಂದಾ_ರಸ್ತೆ (ಶಿರಸಿ)

ಸರಿ, ಸಂಬಂಧಿತ ಕಂಪನಿಯ ವಿಷಯದಲ್ಲಿ ನನ್ನ ವಾದ ಇಲ್ಲ. ಆದರೆ ಅಭಿವೃದ್ಧಿ ಖರ್ಚನ್ನು ಆಸ್ತಿಯಾಗಿ ಬರೆಯುವುದು ಲೆಕ್ಕಮಾನಕವೇ ಒಪ್ಪಿದ ಪದ್ಧತಿ. ಎಎಸ್ 26 ಅದಕ್ಕೇ ಇದೆ. ಉತ್ಪನ್ನ ಕಂಪನಿ ಮಾಡದೆ ಇರುತ್ತದೆಯೋ?

ಕಾಳಿ_ಸೇತುವೆ (ಕಾರವಾರ)

ಒಪ್ಪಿದೆ, ಷರತ್ತಿನ ಮೇಲೆ. ಸಂಶೋಧನೆಯ ಹಂತದ ಖರ್ಚು ನೇರ ಖರ್ಚೇ. ಅಭಿವೃದ್ಧಿಯ ಹಂತದ್ದು ಮಾತ್ರ ಆಸ್ತಿ, ಅದೂ ಮುಗಿಸಲು ಸಾಧ್ಯ, ದುಡ್ಡಿದೆ, ಮಾರುಕಟ್ಟೆಯಿದೆ, ಖರ್ಚನ್ನು ಅಳೆಯಬಹುದು ಅಂತ ತೋರಿಸಿದರೆ. ನೋಡಬೇಕಾದದ್ದು ‘ಹಂತದಲ್ಲಿರುವ’ ಎಂಬ ಸಾಲಿನಿಂದ ‘ಸಿದ್ಧವಾದ’ ಸಾಲಿಗೆ ಎಷ್ಟು ದಾಟಿತು ಅಂತ. ಹಿಂದಿನ ವರ್ಷದ 2 ಕೋಟಿಯಲ್ಲಿ ಏನೂ ದಾಟದೆ ಮೇಲೆ 5 ಸೇರಿದರೆ ಸಾಫ್ಟ್‌ವೇರ್ ಎಂದೂ ಮುಗಿಯುವುದಿಲ್ಲ, ಸವಕಳಿಯೂ ಶುರುವಾಗುವುದಿಲ್ಲ. ಇದಕ್ಕೂ ಟಿಪ್ಪಣಿಯಲ್ಲಿ ವಯಸ್ಸಿನ ಪಟ್ಟಿ ಇದೆ, ಗಡುವು ಮೀರಿದ ಯೋಜನೆಗಳನ್ನು ಹೆಸರಿಸಿ ತೋರಿಸಬೇಕು.

ಇನ್ನು ನಿಮ್ಮ 34ರ ಪ್ರಶ್ನೆ. ತೆರಿಗೆಗೆ ಮೊದಲಿನ ಲಾಭ 12.2. ಆಸ್ತಿಯೆಂದು ಬರೆದ 5 ಕೋಟಿಯನ್ನು ಖರ್ಚು ಮಾಡಿ. ವರ್ಷ ದಾಟಿದ 8ರಲ್ಲಿ ಅರ್ಧ ಮುಳುಗಿತೆಂದು 4 ಕಳೆಯಿರಿ. ಉಳಿದದ್ದು 3.2, ನಾಲ್ಕನೇ ಒಂದು ಭಾಗ ತೆರಿಗೆ ಹೋದರೆ 2.4. 310 ಭಾಗಿಸು 2.4: ಪಿ/ಇ 129. ಇದೇ ಸತ್ಯ ಅಂತ ಹೇಳುತ್ತಿಲ್ಲ. 34ಕ್ಕೂ 129ಕ್ಕೂ ನಡುವೆ ಎಲ್ಲೋ ಇರುವ ಕಂಪನಿಗೆ ನೀವು 34 ಅಂತ ದುಡ್ಡು ಕೊಡುತ್ತಿದ್ದೀರಿ.

ಅಘನಾಶಿನಿ_ದಡ (ಕುಮಟಾ)

ಇಷ್ಟೆಲ್ಲ ದಾಟಿದರೂ ಹೊರಬರುವ ಬಾಗಿಲು ನೋಡಿಕೊಳ್ಳಿ. ಎಸ್‌ಎಂಇಯಲ್ಲಿ ಬಿಡಿ ಷೇರು ಕೊಳ್ಳಲಾಗುವುದಿಲ್ಲ, ಲಾಟ್ ಲೆಕ್ಕ. ಈ ಷೇರಿನ ಲಾಟ್ ಎಷ್ಟಿದೆ?

ಬೆಟ್ಟಭೂಮಿ (ಶಿರಸಿ)

1,600.

ಅಘನಾಶಿನಿ_ದಡ (ಕುಮಟಾ)

190ರ ದರದಲ್ಲಿ 3,04,000. ಇಡೀ ದುಡ್ಡು ಒಂದೇ ಲಾಟಿನಲ್ಲಿ. ಅರ್ಧ ಮಾರಿ ಅರ್ಧ ಇಟ್ಟುಕೊಳ್ಳುವ ಆಟ ಇಲ್ಲಿ ಇಲ್ಲ, ಮಾರಿದರೆ ಪೂರ್ತಿ. ಲಾಟಿನ ಗಾತ್ರವನ್ನು ವಿನಿಮಯ ಕೇಂದ್ರ ಕಾಲಕಾಲಕ್ಕೆ ಪರಿಷ್ಕರಿಸುತ್ತದೆ, ಇಳಿಯಲೂಬಹುದು. ಹೊಸ ಐಪಿಒಗಂತೂ 2025ರ ತಿದ್ದುಪಡಿಯ ನಂತರ ಕನಿಷ್ಠ 2 ಲಾಟ್, 2 ಲಕ್ಷಕ್ಕಿಂತ ಹೆಚ್ಚು ಅರ್ಜಿ ಹಾಕಬೇಕು. ಸಣ್ಣವರು ದೂರ ಇರಲಿ ಅಂತಲೇ ಆ ಬೇಲಿ.

ದಿನಕ್ಕೆ ಎಷ್ಟು ಲಾಟ್ ಕೈ ಬದಲಾಗುತ್ತದೆ ಅಂತ ಮೂರು ತಿಂಗಳ ದಾಖಲೆ ಇಳಿಸಿ ನೋಡಿ. ವಿನಿಮಯ ಕೇಂದ್ರದ ತಾಣದಲ್ಲೇ ಸಿಗುತ್ತದೆ. ಸರಾಸರಿ ನೋಡಬೇಡಿ, ಬೆಲೆ ಇಳಿದ ದಿನಗಳ ವಹಿವಾಟನ್ನು ಬೇರೆಯೇ ನೋಡಿ. ಏರುವ ದಿನ 60 ಲಾಟ್, ಇಳಿಯುವ ದಿನ 4 ಲಾಟ್ ಎಂಬ ಷೇರುಗಳು ಬೇಕಾದಷ್ಟಿವೆ. ಐಪಿಒ ಆಗಿ 3 ವರ್ಷದವರೆಗೆ ಮಾರ್ಕೆಟ್ ಮೇಕರ್ ಇರಬೇಕು, ವಹಿವಾಟಿನ ಹೊತ್ತಿನ 75% ಎರಡೂ ಕಡೆ ದರ ಕೊಡಬೇಕು. ಆದರೆ ಕೊಳ್ಳುವ ಮತ್ತು ಮಾರುವ ದರದ ನಡುವೆ 10% ಅಂತರಕ್ಕೆ ಅವಕಾಶವಿದೆ. ಆ ಅಂತರವೇ ನಿಮ್ಮ ಒಂದು ವರ್ಷದ ಠೇವಣಿ ಬಡ್ಡಿಗಿಂತ ಜಾಸ್ತಿ.

ನಿಗಾ ಪಟ್ಟಿಗೆ ಬಿದ್ದು 5% ಸರ್ಕ್ಯೂಟ್ (ದಿನಕ್ಕೆ ಬೆಲೆ ಏರಿಳಿಯಬಹುದಾದ ಮಿತಿ) ಆದರೆ ಲೆಕ್ಕ ಹೀಗೆ: ಸತತ 5 ದಿನ ಕೆಳಗಿನ ಸರ್ಕ್ಯೂಟ್ ಬಡಿದರೆ 190 ಇದ್ದದ್ದು 147. 10 ದಿನಕ್ಕೆ 114. ಕೊಳ್ಳುವವರೇ ಇಲ್ಲದ ದಿನ ಸ್ಟಾಪ್ ಲಾಸ್ (ಇಷ್ಟಕ್ಕಿಳಿದರೆ ಮಾರು ಎಂಬ ಆದೇಶ) ಹಾಕಿದರೂ ಹಾಕದಿದ್ದರೂ ಒಂದೇ. ಎಎಸ್‌ಎಂ, ಜಿಎಸ್‌ಎಂ, ಇಎಸ್‌ಎಂ ಎಂಬ ನಿಗಾ ಪಟ್ಟಿಗಳನ್ನು ಕೊಳ್ಳುವ ದಿನ ಬೆಳಿಗ್ಗೆ ನೋಡಿ.

ಶರಾವತಿ_ಕೊಡಿ (ಹೊನ್ನಾವರ)

ಲಾಕ್-ಇನ್ (ಹಳೇ ಷೇರುದಾರರು ಮಾರುವಂತಿಲ್ಲದ ಅವಧಿ) ಮುಗಿಯುವ ದಿನವನ್ನೂ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಐಪಿಒಗೆ ಮೊದಲು ಕಡಿಮೆ ದರಕ್ಕೆ ಷೇರು ಪಡೆದವರ ಪಟ್ಟಿ, ಯಾವ ದರ, ಯಾವ ತಿಂಗಳು ಎಲ್ಲ ಆರ್‌ಎಚ್‌ಪಿಯ ‘ಬಂಡವಾಳ ರಚನೆ’ ಅಧ್ಯಾಯದಲ್ಲಿದೆ. 40 ರೂಪಾಯಿಗೆ ಪಡೆದವನಿಗೆ 190ರಲ್ಲಿ ಮಾರಲು ಯಾವ ವಿಶ್ಲೇಷಣೆಯೂ ಬೇಡ. ಷೇರುದಾರರ ಪಟ್ಟಿ ಎಸ್‌ಎಂಇಯಲ್ಲಿ ಆರು ತಿಂಗಳಿಗೊಮ್ಮೆ, ಅವಧಿ ಮುಗಿದ 21 ದಿನದೊಳಗೆ ಬರುತ್ತದೆ. 1% ಮೇಲಿನವರ ಹೆಸರು ಕಾಣುತ್ತದೆ, ಹಿಂದಿನ ಪಟ್ಟಿಯ ಜೊತೆ ಹೋಲಿಸಿ.

ಮೀಟರ್_ಬೋರ್ಡು (ಯಲ್ಲಾಪುರ)

ಆರ್ಡರ್ ಸಿಕ್ಕಿತು ಅಂತ ಪ್ರಕಟಣೆ ಬರುತ್ತಿರುತ್ತದಲ್ಲ, ಅದರಲ್ಲೂ ಒಂದು ಮಾತು. ‘ಒಡಂಬಡಿಕೆ’, ‘ಉದ್ದೇಶ ಪತ್ರ’, ‘ಖರೀದಿ ಆದೇಶ’ ಮೂರೂ ಬೇರೆ. ಮೊದಲೆರಡಕ್ಕೆ ಸೊನ್ನೆ ಬೆಲೆ ಕಟ್ಟಿ. ಖರೀದಿ ಆದೇಶದಲ್ಲೂ ಗಿರಾಕಿ ಯಾರು, ಜಿಎಸ್‌ಟಿ ಸೇರಿಯೋ, ಎಷ್ಟು ವರ್ಷಕ್ಕೆ ಎಂಬುದು ಇರಬೇಕು. 40 ಕೋಟಿಯ ಆದೇಶ 8 ವರ್ಷಕ್ಕಾದರೆ ವರ್ಷಕ್ಕೆ 5. ಮೇಲಿನ ಟೆಂಡರನ್ನು ಕೇಂದ್ರದ ಖರೀದಿ ಜಾಲತಾಣದಲ್ಲೋ ಕರ್ನಾಟಕದ್ದಾದರೆ ಕೆಪಿಪಿಪಿಯಲ್ಲೋ ಹುಡುಕಿದರೆ ಪಾವತಿಯ ಷರತ್ತು, ದಂಡದ ಷರತ್ತು ಟೆಂಡರ್ ದಾಖಲೆಯಲ್ಲೇ ಸಿಗುತ್ತದೆ.

ಬೆಟ್ಟಭೂಮಿ (ಶಿರಸಿ)

ಲೆಕ್ಕಪರಿಶೋಧಕರ ವರದಿಯಲ್ಲಿ ಎಂತ ನೋಡಬೇಕು? ‘ಸತ್ಯ ಮತ್ತು ನ್ಯಾಯಯುತ’ ಅಂತಲೇ ಇದೆ.

ಕಾಳಿ_ಸೇತುವೆ (ಕಾರವಾರ)

ಅದನ್ನು ಬಿಟ್ಟು ವರದಿಯ ಅನುಬಂಧಕ್ಕೆ ಹೋಗಿ, ಕೇರೋ 2020 (ಪರಿಶೋಧಕ ಏನೇನು ಹೇಳಲೇಬೇಕು ಎಂಬ ಸರ್ಕಾರಿ ಆದೇಶ). ಅಲ್ಲಿ 2(ಬಿ): 5 ಕೋಟಿ ಮೇಲಿನ ದುಡಿಮೆ ಬಂಡವಾಳದ ಸಾಲವಿದ್ದರೆ ಬ್ಯಾಂಕಿಗೆ ಕೊಟ್ಟ ತ್ರೈಮಾಸಿಕ ಪಟ್ಟಿ ಪುಸ್ತಕಕ್ಕೆ ಹೊಂದಿದೆಯೋ ಅಂತ ಪರಿಶೋಧಕ ಹೇಳಬೇಕು. ಬ್ಯಾಂಕಿಗೆ ಬಾಕಿ 39 ಅಂತ ಬರೆದು ಪುಸ್ತಕದಲ್ಲಿ 36 ಇದ್ದರೆ ವ್ಯತ್ಯಾಸದ ಕೋಷ್ಟಕ ಅಲ್ಲೇ ಬರುತ್ತದೆ. 7ರಲ್ಲಿ ಪಿಎಫ್, ಜಿಎಸ್‌ಟಿ, ಟಿಡಿಎಸ್ ಬಾಕಿ. ನೌಕರರ ಪಿಎಫ್ ತಡವಾಗಿ ಕಟ್ಟಿದ ಲಾಭದಾಯಕ ಕಂಪನಿಗೆ ನನ್ನ ಮಟ್ಟಿಗೆ ಅಲ್ಲಿಗೇ ಮಂಗಳ. 18ರಲ್ಲಿ ಹಿಂದಿನ ಪರಿಶೋಧಕ ನಡುವೆ ರಾಜೀನಾಮೆ ಕೊಟ್ಟಿದ್ದರೆ ಅದರ ಮಾತು. ವರದಿಯ ಕೆಳಗಿನ 18 ಅಕ್ಷರ-ಅಂಕೆಯ ಯುಡಿಐಎನ್ (ದಾಖಲೆಯ ಗುರುತು ಸಂಖ್ಯೆ) ಅನ್ನು ಲೆಕ್ಕಪರಿಶೋಧಕರ ಸಂಸ್ಥೆಯ ತಾಣದಲ್ಲಿ ಹಾಕಿದರೆ ವರದಿ ಅಸಲಿಯೋ ಅಂತ ಎರಡು ನಿಮಿಷದಲ್ಲಿ ತಿಳಿಯುತ್ತದೆ.

ಸೋಂದಾ_ರಸ್ತೆ (ಶಿರಸಿ)

ಇವತ್ತು ಬೇಡ ಅನ್ನೋದಕ್ಕೆ ನಾನೂ ಬಂದೆ. ಆದರೆ ವಲಯ ಒಳ್ಳೆಯದು, ಕಂಪನಿಯನ್ನು ಪೂರ್ತಿ ಬಿಡುವುದೂ ಬೇಡ. ಯಾವುದು ಬದಲಾದರೆ ಮತ್ತೆ ನೋಡಬಹುದು?

ಕಾಳಿ_ಸೇತುವೆ (ಕಾರವಾರ)

ಎಸ್‌ಎಂಇ ಕಂಪನಿಯ ಅರ್ಧವಾರ್ಷಿಕ ಫಲಿತಾಂಶ ಸೆಪ್ಟೆಂಬರ್ 30 ಮುಗಿದ 45 ದಿನದೊಳಗೆ, ಅಂದರೆ ನವೆಂಬರ್ 14ರೊಳಗೆ ಬರಬೇಕು. ಅದರ ಜೊತೆ ಬ್ಯಾಲೆನ್ಸ್ ಶೀಟು, ನಗದು ಹರಿವು ಎರಡೂ ಇರುತ್ತವೆ. ಬಾಕಿಯ ವಯಸ್ಸಿನ ಪಟ್ಟಿ ಮಾತ್ರ ಇರುವುದಿಲ್ಲ, ಅದು ವರ್ಷಕ್ಕೊಮ್ಮೆ. ಆದ್ದರಿಂದ ಸುತ್ತು ದಾರಿಯಲ್ಲಿ ಹಿಡಿಯಬೇಕು. ಇವರ ಮೊದಲರ್ಧ ತೆಳು, ಮಾರ್ಚಿನಲ್ಲಿ ಬಿಲ್ ಮಾಡಿದ್ದರ ದುಡ್ಡು ಬರುವುದೂ ಆಗಲೇ. ಹಾಗಾಗಿ ಸೆಪ್ಟೆಂಬರ್ ಕೊನೆಗೆ ಬಾಕಿ 36ರಿಂದ 25ರ ಹತ್ತಿರಕ್ಕೆ ಇಳಿದಿರಬೇಕು, ಆರು ತಿಂಗಳ ಕಾರ್ಯಾಚರಣೆ ನಗದು ಪ್ಲಸ್ ಆಗಿರಬೇಕು. ಬಾಕಿ ಇಳಿದು ಬಿಲ್ ಆಗದ ಆದಾಯ 9ರಿಂದ 15ಕ್ಕೆ ಏರಿದ್ದರೆ ಇಳಿದದ್ದಲ್ಲ, ಜಾಗ ಬದಲಾಯಿಸಿದ್ದು. ಐಪಿಒ ದುಡ್ಡು ಹೇಳಿದ ಕೆಲಸಕ್ಕೇ ಹೋಗಿದೆಯೋ ಎಂಬ ವಿಚಲನೆಯ ಹೇಳಿಕೆಯೂ ಅದೇ ದಿನಗಳಲ್ಲಿ ಬೇರೆ ಕಡತವಾಗಿ ಬರುತ್ತದೆ, ಅದರಲ್ಲಿ ಸಾಫ್ಟ್‌ವೇರ್ ಸಾಲಿನ ಎದುರು ಎಷ್ಟಿದೆ ಅಂತ ನೋಡಿ.

ಬೆಟ್ಟಭೂಮಿ (ಶಿರಸಿ)

ಸರಿ. ಹಳೇ 8 ಕೋಟಿ ಯಾರದ್ದು, ಆ 3.4 ಕೋಟಿಗೆ ಏನು ಸಿಕ್ಕಿತು ಎಂಬ ಎರಡೇ ಪ್ರಶ್ನೆಯನ್ನು ಕಂಪ್ಲಯನ್ಸ್ ಅಧಿಕಾರಿಗೆ ಮಿಂಚಂಚೆ ಮಾಡುತ್ತಿದ್ದೇನೆ, ವಿಳಾಸ ಆರ್‌ಎಚ್‌ಪಿಯ ಮೊದಲ ಪುಟದಲ್ಲೇ ಇದೆ. ಷೇರುದಾರ ಅಲ್ಲದವನಿಗೆ ಉತ್ತರ ಕೊಡುತ್ತಾರೋ?

ಅಘನಾಶಿನಿ_ದಡ (ಕುಮಟಾ)

ಕೊಡಲೇಬೇಕೆಂಬ ನಿಯಮವಿಲ್ಲ, ಒಳ್ಳೆಯ ಕಂಪನಿಗಳು ಕೊಡುತ್ತವೆ. ಪುಟ ಸಂಖ್ಯೆ, ಟಿಪ್ಪಣಿ ಸಂಖ್ಯೆ ಹಾಕಿ ಕೇಳಿ. ‘ಕಂಪನಿಯ ಭವಿಷ್ಯ ಹೇಗಿದೆ’ ಅಂತ ಕೇಳಿದರೆ ಕೈಪಿಡಿಯ ಉತ್ತರ ಬರುತ್ತದೆ. ಬೆಲೆಯ ಮೇಲೆ ಪರಿಣಾಮ ಬೀರುವ ಹೊರಬೀಳದ ಸುದ್ದಿಯನ್ನು ಅವರು ನಿಮಗೊಬ್ಬರಿಗೇ ಹೇಳುವಂತಿಲ್ಲ, ಹಾಗಾಗಿ ವರದಿಯಲ್ಲಿ ಈಗಾಗಲೇ ಅಚ್ಚಾದ ಅಂಕಿಯ ವಿವರಣೆಯನ್ನಷ್ಟೇ ಕೇಳಿ.